ಚಾಕಣದಿಂದ ಗೋದಿಯವರೆಗೆ: ಬಂದರು ಕಾರ್ಮಿಕರ ಮುಷ್ಕರಗಳೂ ಯಂತ್ರದ ಪ್ರಶ್ನೆಯೂ

ಪುಣೆಯಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿ, ನಾಸಿಕದ ಹೆದ್ದಾರಿಯ ಮೇಲೆ, ಚಾಕಣವೆಂಬ ಊರಿದೆ. ಮರಾಠರ ಇತಿಹಾಸವನ್ನು ಬಲ್ಲವರಿಗೆ ಈ ಹೆಸರು ಅಪರಿಚಿತವಲ್ಲ. 1660ರ ಜೂನ್ ತಿಂಗಳಲ್ಲಿ ಶಾಯಿಸ್ತಾಖಾನನ ಸೇನೆ ಇಲ್ಲಿಯ ನೆಲಗೋಟೆಯನ್ನು ಮುತ್ತಿತು. ಶಿವಾಜಿಯ ಕಿಲ್ಲೇದಾರನಾದ ಫಿರಂಗೋಜಿ ನರಸಾಳನು ಮಳೆಗಾಲದುದ್ದಕ್ಕೂ, ಸುಮಾರು ಎರಡು ತಿಂಗಳ ಕಾಲ, ಅದನ್ನು ಕಾದುಕೊಂಡಿದ್ದು, ಬುರುಜೊಂದು ಸುರಂಗದ ಮದ್ದಿಗೆ ಹಾರಿಹೋದ ಮೇಲೆ, ಆಗಸ್ಟ್ ತಿಂಗಳಲ್ಲಿ ಕೋಟೆಯನ್ನು ಬಿಟ್ಟುಕೊಟ್ಟನು. ಕೊಂಕಣದ ಬಂದರುಗಳಿಂದ ಘಟ್ಟವೇರಿ ಬರುವ ಸರಕಿಗೆ ಜುನ್ನರಿನ ಪ್ರದೇಶ ಹೆಬ್ಬಾಗಿಲಾಗಿದ್ದ ಕಾಲದಲ್ಲಿ, ಅದಕ್ಕೂ ಪುಣೆಗೂ ನಡುವಣ ದಾರಿಯನ್ನು ಕಾಯುವ ಠಾಣ್ಯವೇ ಚಾಕಣ.

ಮೂರೂವರೆ ಶತಮಾನಗಳ ತರುವಾಯ ಇದೇ ಊರು ಇನ್ನೊಂದು ಬಗೆಯ ಹೋರಾಟವನ್ನು ಕಂಡಿತು. ಈರುಳ್ಳಿಯ ಪೇಟೆಗೆ ಹೆಸರಾಗಿದ್ದ ಚಾಕಣ ಈ ವೇಳೆಗೆ ಮೋಟಾರು ಕಾರ್ಖಾನೆಗಳ ಪಟ್ಟಣವಾಗಿ ಮಾರ್ಪಟ್ಟಿತ್ತು. 2013ರ ಜೂನ್ 25ರಂದು ಬಜಾಜ್ ಆಟೊ ಕಾರ್ಖಾನೆಯ ಕಾರ್ಮಿಕರು ವಿಶ್ವ ಕಲ್ಯಾಣ ಕಾಮಗಾರ ಸಂಘಟನೆಯ ನೇತೃತ್ವದಲ್ಲಿ ಕೆಲಸ ನಿಲ್ಲಿಸಿದರು. ವೇತನದ ಪರಿಷ್ಕರಣದ ಜೊತೆಗೆ, ಪ್ರತಿಯೊಬ್ಬ ಕಾರ್ಮಿಕನಿಗೂ ಕಂಪೆನಿಯ 500 ಷೇರುಗಳನ್ನು ಒಂದೊಂದು ರೂಪಾಯಿಯ ದರದಲ್ಲಿ ಕೊಡಬೇಕೆಂಬ ಅಪೂರ್ವವಾದ ಬೇಡಿಕೆಯೂ ಅಲ್ಲಿತ್ತು. ಆಡಳಿತ ವರ್ಗ ಅದಕ್ಕೆ ಒಪ್ಪಲಿಲ್ಲ. ತಯಾರಿಕೆಯ ಒಂದು ಭಾಗವನ್ನು ಔರಂಗಾಬಾದಿನ ಬಳಿಯ ವಾಳೂಜ ಕಾರ್ಖಾನೆಗೆ ಸಾಗಿಸಲಾಯಿತು. 50 ದಿನಗಳ ಮೇಲೆ, ಆಗಸ್ಟ್ 14ರಂದು, ಮುಷ್ಕರ ಹಿಂತೆಗೆಯಲ್ಪಟ್ಟಿತು.

ಈ ಸೋಲನ್ನು ಒಂದು ಕಾರ್ಖಾನೆಯ ಒಳಜಗಳವೆಂದು ಬಗೆದರೆ ಅದರ ಅರ್ಥ ಪೂರ್ತಿಯಾಗಿ ತಿಳಿಯದು. ಚಾಕಣದ ವಾಹನಗಳು ಸಮುದ್ರ ದಾಟುವುದು ಮುಂಬಯಿಯ ಕೊಲ್ಲಿಯ ಬಂದರುಗಳಿಂದ. ಕೂಲಿ, ಯಂತ್ರ, ಕೆಲಸದ ಮೇಲಿನ ಹಕ್ಕು ಎಂಬ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡು ಮೊದಲು ತೀವ್ರವಾಗಿ ತಲೆದೋರಿದ್ದೂ ಆ ಕೊಲ್ಲಿಯ ಗೋದಿಗಳಲ್ಲಿಯೇ. ಆ ಪೂರ್ವಕಥೆಯಲ್ಲಿ ಕನ್ನಡನಾಡಿನ ಕರಾವಳಿಯಿಂದ ಬಂದವರ ಪಾಲು ಕಡಿಮೆಯದಲ್ಲವಾದುದರಿಂದ ಅದನ್ನು ಪರಾಮರ್ಶಿಸುವುದು ಉಚಿತವಾಗಿದೆ.

ಮುಂಬಯಿಯ ಪೋರ್ಟ್ ಟ್ರಸ್ಟ್ 1873ರಲ್ಲಿ ಸ್ಥಾಪನೆಯಾಯಿತು. 1880ರಲ್ಲಿ ಪ್ರಿನ್ಸೆಸ್ ಡಾಕ್, ಆ ಬಳಿಕ ವಿಕ್ಟೋರಿಯಾ ಡಾಕ್, 1914ರಲ್ಲಿ ಅಲೆಕ್ಸಾಂಡ್ರಾ ಡಾಕ್ ಕ್ರಮವಾಗಿ ಬಳಕೆಗೆ ಬಂದವು. ಮರಾಠಿಯಲ್ಲಿ ‘ಗೋದಿ’ ಎಂದು ಕರೆಯುವ ಈ ಹಡಗುಕಟ್ಟೆಗಳಲ್ಲಿ ಕೆಲಸದ ಸ್ವರೂಪವೇ ಅನಿಶ್ಚಿತವಾದುದು. ಹಡಗು ಬಂದ ದಿನ ಸಾವಿರಾರು ಕೈಗಳು ಬೇಕು. ಬಾರದ ದಿನ ಒಂದೂ ಬೇಡ. ಈ ಅನಿಶ್ಚಿತತೆಯ ಭಾರವನ್ನು ಹೊತ್ತವನು ಹಡಗಿನ ಒಡೆಯನಲ್ಲ, ಕೂಲಿಕಾರ. ದಂಡೆಯ ಮೇಲಣ ಕೆಲಸಕ್ಕೆ ಆಳುಗಳನ್ನು ಒದಗಿಸುವವನು ‘ತೋಳಿವಾಲಾ’, ಅಂದರೆ ತಂಡದ ಗುತ್ತಿಗೆದಾರ. ಬೆಳಗಾಗುತ್ತಲೇ ಬಾಗಿಲಲ್ಲಿ ನಿಂತವರಲ್ಲಿ ಯಾರನ್ನು ಕರೆಯಬೇಕು, ಯಾರನ್ನು ಹಿಂದಕ್ಕೆ ಕಳುಹಿಸಬೇಕು ಎಂಬುದು ಅವನ ಮರ್ಜಿ. ಕೂಲಿ ಅವನ ಕೈದಾಟಿ ಬರುವಾಗ ಅದರ ಒಂದಂಶ ಅಲ್ಲಿಯೇ ನಿಲ್ಲುತ್ತಿತ್ತು. ಅಪಾಯವಂತೂ ನಿತ್ಯದ ಸಂಗಾತಿ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಸುಮಾರು 1,400 ಟನ್ನು ಸ್ಫೋಟಕಗಳನ್ನು ಹೊತ್ತಿದ್ದ ‘ಫೋರ್ಟ್ ಸ್ಟೈಕಿನ್’ ಹಡಗು ಸಿಡಿದಾಗ ನೂರಾರು ಜನ ಮಡಿದರು.

ಇದು ಮುಂಬಯಿಯೊಂದರ ಸ್ಥಿತಿಯಲ್ಲ. 1889ರಲ್ಲಿ ಲಂಡನ್ನಿನ ಬಂದರು ಕೂಲಿಗಳು ಹೂಡಿದ ಪ್ರಸಿದ್ಧ ಮುಷ್ಕರದ ಬೇಡಿಕೆ ಎರಡೇ ಮಾತಿನದು: ಗಂಟೆಗೆ ಐದರ ಬದಲು ಆರು ಪೆನ್ಸು, ಕರೆದವನಿಗೆ ಕನಿಷ್ಠ ನಾಲ್ಕು ಗಂಟೆಯ ಕೆಲಸ. ಈ ಎರಡನೆಯ ಬೇಡಿಕೆಯೇ ಹೆಚ್ಚು ಗಮನಾರ್ಹವಾದುದು. ಕೂಲಿಯ ದರ ಎಷ್ಟೇ ಏರಿದರೂ ಕೆಲಸವೇ ಇಲ್ಲದ ದಿನ ಅದು ಸೊನ್ನೆ. ಭಾರತದಲ್ಲಿ ವ್ಹಿಟ್ಲೆ ಆಯೋಗವು 1931ರ ತನ್ನ ವರದಿಯಲ್ಲಿ ಬಂದರು ಕಾರ್ಮಿಕರ ಹೆಸರುಗಳನ್ನು ನೋಂದಾಯಿಸಿ ಕೆಲಸವನ್ನು ಕ್ರಮಬದ್ಧವಾಗಿ ಹಂಚಬೇಕೆಂದು ಸೂಚಿಸಿತು. ಸೂಚನೆ ಕಾಯಿದೆಯಾಗಲು 17 ವರ್ಷಗಳು ಹಿಡಿದವು. 1948ರ ಡಾಕ್ ಕಾರ್ಮಿಕರ ಕಾಯಿದೆ, ಅದರನ್ವಯ 1951ರಲ್ಲಿ ಮುಂಬಯಿಗಾಗಿ ರಚಿತವಾದ ಯೋಜನೆ, ಇವುಗಳಿಂದ ಸರಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂಡಿದ ಡಾಕ್ ಲೇಬರ್ ಬೋರ್ಡು ಕಾರ್ಯರೂಪಕ್ಕೆ ಬಂದಿತು. ನೋಂದಾಯಿತನಾದ ಕಾರ್ಮಿಕನಿಗೆ ಸರದಿಯ ಪ್ರಕಾರ ಕೆಲಸ. ಬಂದು ನಿಂತರೂ ಕೆಲಸ ದೊರೆಯದ ದಿನಕ್ಕೆ ಹಾಜರಿ ಭತ್ಯ. ತಿಂಗಳಿಗೆ ಇಂತಿಷ್ಟು ದಿನಗಳ ಕೂಲಿಯ ಭರವಸೆ. ತೋಳಿವಾಲಾನ ಮರ್ಜಿಯ ಸ್ಥಾನದಲ್ಲಿ ಸರದಿಯ ಪಟ್ಟಿ ಬಂದದ್ದು ಆ ಕಾಲದ ಕಾರ್ಮಿಕ ಚಳವಳಿಯ ಅತ್ಯಂತ ದೊಡ್ಡ ಗಳಿಕೆಯೆಂದರೆ ಅತಿಶಯೋಕ್ತಿಯಾಗದು.

ಕಾಯಿದೆ ತನ್ನಷ್ಟಕ್ಕೆ ತಾನೇ ನಡೆಯುವುದಿಲ್ಲ. ಅದನ್ನು ನಡೆಯಿಸುವ ಸಂಘಟನೆ ಬೇಕು. ಮುಂಬಯಿಯ ಗೋದಿಗಳಲ್ಲಿ ಆ ಸಂಘಟನೆಯನ್ನು ಕಟ್ಟಿದವರಲ್ಲಿ ಅಗ್ರಗಣ್ಯರು ಪಿ. ಡಿ'ಮೆಲ್ಲೊ. ದಕ್ಷಿಣ ಕನ್ನಡದ ಕ್ರೈಸ್ತ ಮನೆತನದಿಂದ ಬಂದ ಇವರು ಟ್ರಾನ್ಸ್‌ಪೋರ್ಟ್ ಅಂಡ್ ಡಾಕ್ ವರ್ಕರ್ಸ್ ಯೂನಿಯನ್ನಿನ ನಾಯಕರಾಗಿ, ಬೇರೆ ಬೇರೆ ಭಾಷೆ, ಜಾತಿ, ಊರುಗಳ ಆಳುಗಳನ್ನು ಒಂದೇ ಧ್ವಜದ ಕೆಳಗೆ ತಂದರು. ಮಂಗಳೂರಿನಲ್ಲಿ 1930ರಲ್ಲಿ ಜನಿಸಿ, ಬೆಂಗಳೂರಿನ ಸೆಮಿನರಿಯನ್ನು ತೊರೆದು ಮುಂಬಯಿಗೆ ಬಂದ ತರುಣ ಜಾರ್ಜ್ ಫರ್ನಾಂಡಿಸರು ಕಾರ್ಮಿಕ ಚಳವಳಿಯ ಓನಾಮವನ್ನು ಕಲಿತದ್ದು ಇವರ ಬಳಿಯಲ್ಲಿ. ಘಟ್ಟದ ಕೆಳಗಿನ ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದವರನ್ನು ಕುರಿತು ಬರೆಯುವಾಗ ಉಡುಪಿ ಹೋಟೆಲು, ರಾತ್ರಿಶಾಲೆ, ಯಕ್ಷಗಾನ ಮಂಡಳಿಗಳನ್ನು ಹೇಳಿ ನಿಲ್ಲಿಸುವುದು ರೂಢಿ. ಗೋದಿಯ ಬಾಗಿಲಿನ ಸಭೆಗಳಿಗೂ ಆ ಚರಿತ್ರೆಯಲ್ಲಿ ಸ್ಥಳವಿರಬೇಕು. ಡಿ'ಮೆಲ್ಲೊ ಅವರ ಮಾತೃಭಾಷೆ ಕೊಂಕಣಿ, ಅವರ ಅನುಯಾಯಿಗಳಲ್ಲಿ ಬಹುಮಂದಿಯ ಭಾಷೆ ಮರಾಠಿ ಎಂಬುದು ಈ ಸಂಗತಿಯ ಮಹತ್ವವನ್ನು ಕುಂದಿಸುವುದಿಲ್ಲ, ಹೆಚ್ಚಿಸುತ್ತದೆ.

1958ರ ಜೂನ್ ತಿಂಗಳಲ್ಲಿ ದೇಶದ ಪ್ರಮುಖ ಬಂದರುಗಳ ಕಾರ್ಮಿಕರು ಒಟ್ಟಾಗಿ ಮುಷ್ಕರ ಹೂಡಿದರು. ವೇತನಶ್ರೇಣಿಗಳನ್ನು ಕುರಿತು ಸರಕಾರ ತಾನೇ ನೇಮಿಸಿದ ಅಧಿಕಾರಿ ಚೌಧುರಿಯವರ ವರದಿಯನ್ನು ಜಾರಿಗೆ ತರಬೇಕೆಂಬುದು ಮುಖ್ಯ ಒತ್ತಾಯ. ಅದೇ ವರ್ಷ ಡಿ'ಮೆಲ್ಲೊ, ನಲವತ್ತು ತುಂಬುವ ಮೊದಲೇ, ತೀರಿಕೊಂಡರು. ಗೋದಿಗಳ ಅಂಚಿನಲ್ಲಿ ಸಾಗುವ ಫ್ರಿಯರ್ ರಸ್ತೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು. ಎಸ್. ಆರ್. ಕುಲಕರ್ಣಿಯವರು ನಾಯಕತ್ವವನ್ನು ಮುಂದುವರಿಸಿದರು. 1964ರಲ್ಲಿ ಬಂದರು ಕಾರ್ಮಿಕರಿಗಾಗಿ ಕೇಂದ್ರ ವೇತನ ಮಂಡಲಿ ನೇಮಕವಾಗಿ 1969ರಲ್ಲಿ ವರದಿಯನ್ನೊಪ್ಪಿಸಿತು. ದೇಶದ ಬಂದರುಗಳಿಗೆಲ್ಲ ಏಕರೂಪವಾದ ವೇತನವೆಂಬ ಭಾವನೆ ಹೀಗೆ ನೆಲೆಗೊಂಡಿತು.

ಆದರೆ ಈ ಗಳಿಕೆಯ ಬುಡವನ್ನೇ ಅಲುಗಿಸುವ ವಸ್ತು ಇಷ್ಟರಲ್ಲಿಯೇ ಹುಟ್ಟಿಕೊಂಡಿತ್ತು. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂಅರ್ಕಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಮೂಟೆಮೂಟೆಯಾಗಿ ಹೆಗಲ ಮೇಲೆ ಸಾಗುತ್ತಿದ್ದ ಸರಕು ಕಾರ್ಖಾನೆಯಲ್ಲಿಯೇ ಪೆಟ್ಟಿಗೆಯೊಳಗೆ ಬೀಗಮುದ್ರೆ ಪಡೆದು, ಕ್ರೇನಿನ ಒಂದೆತ್ತಿಗೆ ಹಡಗನ್ನೇರುವ ವ್ಯವಸ್ಥೆಯಿದು. ಯಂತ್ರ ಬರುವುದನ್ನು ತಡೆಯಲಾಗದೆಂದು ಅರಿತ ಅಮೆರಿಕದ ಪಶ್ಚಿಮ ತೀರದ ಕಾರ್ಮಿಕರು, ಹ್ಯಾರಿ ಬ್ರಿಜಸರ ನಾಯಕತ್ವದಲ್ಲಿ, 1960ರಲ್ಲಿ ಒಂದು ಒಪ್ಪಂದಕ್ಕೆ ಬಂದರು. ಮಾಲೀಕರು ಬೇಕಾದ ಯಂತ್ರಗಳನ್ನು ತರಬಹುದು. ಪ್ರತಿಯಾಗಿ ಐದೂವರೆ ವರ್ಷಗಳಲ್ಲಿ 2.9 ಕೋಟಿ ಡಾಲರುಗಳ ನಿಧಿಯನ್ನು ಕಾರ್ಮಿಕರಿಗಾಗಿ ಕೊಡಬೇಕು, ಕಾಯಂ ಕೆಲಸಗಾರರನ್ನು ತೆಗೆದುಹಾಕಕೂಡದು. ಯಂತ್ರದ ಲಾಭದಲ್ಲಿ ಪಾಲು ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿ ಮೂಡಿದೆ. ಇದರ ಮಿತಿಯೂ ಅಷ್ಟೇ ಸ್ಪಷ್ಟ: ಪಾಲು ದೊರೆತದ್ದು ಅಂದು ಪಟ್ಟಿಯಲ್ಲಿದ್ದವರಿಗೆ, ಮುಂದೆ ಪಟ್ಟಿ ಸೇರಬಹುದಾಗಿದ್ದವರಿಗಲ್ಲ.

ಮುಂಬಯಿಯಲ್ಲಿ ಇತಿಹಾಸ ಇನ್ನೊಂದು ದಾರಿಯನ್ನು ಹಿಡಿಯಿತು. ಹಳೆಯ ಗೋದಿಗಳಲ್ಲಿ ಒಂದೊಂದು ತಂಡದಲ್ಲಿ ಎಷ್ಟು ಆಳುಗಳಿರಬೇಕು, ದಿನಕ್ಕೆ ಎಷ್ಟು ಟನ್ನಿಗೆ ಎಷ್ಟು ಹೆಚ್ಚುವರಿ ಕೂಲಿ ಎಂಬುದೆಲ್ಲ ಹೋರಾಟದಿಂದ ನಿಗದಿಯಾಗಿತ್ತು. ಈ ಕಟ್ಟಳೆಗಳನ್ನು ಮುರಿಯುವುದಕ್ಕಿಂತ ಅವುಗಳನ್ನು ಬಳಸಿಕೊಂಡು ಹೋಗುವುದು ಸುಲಭವಾಯಿತು. ಕೊಲ್ಲಿಯ ಆಚೆ ದಡದ ನ್ಹಾವಾ ಶೇವಾದಲ್ಲಿ ಯಂತ್ರಗಳಿಗಾಗಿಯೇ ಯೋಜಿತವಾದ ಜವಾಹರಲಾಲ್ ನೆಹರೂ ಬಂದರು 1989ರ ಮೇ 26ರಂದು ಆರಂಭವಾಯಿತು. 1997ರಲ್ಲಿ ಅಲ್ಲಿಯ ಪೆಟ್ಟಿಗೆ ಕಟ್ಟೆಯೊಂದು ಖಾಸಗಿ ಸಂಸ್ಥೆಗೆ ಒಪ್ಪಿಸಲ್ಪಟ್ಟಿತು. ಹಳೆಯ ಗೋದಿಯ ಕಾರ್ಮಿಕ ತನ್ನ ಕಟ್ಟೆಯ ಮೇಲೆ ಹಕ್ಕುಗಳೊಡನೆ ಉಳಿದನು. ಹಡಗು ಎದುರಿನ ದಡಕ್ಕೆ ಹೋಯಿತು. ಆ ದಡದ ಕಥೆಯೂ ಸುಖದ್ದಲ್ಲ. ನವಿ ಮುಂಬಯಿಗಾಗಿ ನೆಲ ಕಳೆದುಕೊಳ್ಳಲಿದ್ದ ಉರಣ ಭಾಗದ ರೈತರು ದಿ. ಬಾ. ಪಾಟೀಲರ ನಾಯಕತ್ವದಲ್ಲಿ ಪ್ರತಿಭಟಿಸಿದಾಗ, 1984ರ ಜನವರಿಯಲ್ಲಿ ಪೋಲೀಸರ ಗುಂಡಿಗೆ ಐವರು ಬಲಿಯಾದರು.

ಚಾಕಣದ ಘಟನೆ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಗೋದಿಯ ಸರಕು ಕೊಲ್ಲಿ ದಾಟಿದಂತೆ, ಚಾಕಣದ ಮೋಟಾರು ಸೈಕಲುಗಳ ತಯಾರಿಕೆ ವಾಳೂಜಕ್ಕೆ ಸರಿಯಿತು. ಮುಷ್ಕರದ ಬಲವಿರುವುದು ಸ್ಥಳದಲ್ಲಿ. ಕೆಲಸವೇ ಸ್ಥಳ ಬದಲಾಯಿಸಬಲ್ಲುದಾದಾಗ ಆ ಬಲ ಕುಗ್ಗುತ್ತದೆ. ಯಂತ್ರದ ಪ್ರಶ್ನೆಯೂ ಇಲ್ಲಿ ಗೈರುಹಾಜರಾಗಿರಲಿಲ್ಲ. ಮುಷ್ಕರಕ್ಕೆ ಮೂರು ವರ್ಷ ಮೊದಲೇ, 2010ರಿಂದ, ಅದೇ ಕಂಪೆನಿ ಮನುಷ್ಯನ ಪಕ್ಕದಲ್ಲಿಯೇ ನಿಂತು ದುಡಿಯುವ ಯಂತ್ರತೋಳುಗಳನ್ನು ಬಳಸತೊಡಗಿತ್ತು. ಇನ್ನು ಚಾಕಣದ ಕಾರುಗಳು ಹಡಗನ್ನೇರುವ ಬಗೆಯನ್ನು ನೋಡಿದರೆ, ಅಲ್ಲಿ ಹೆಗಲಿಗೆ ಕೆಲಸವೇ ಇಲ್ಲ. ಇಳಿಜಾರು ಹಲಗೆಯ ಮೇಲೆ ಕಾರು ತಾನಾಗಿ ಚಲಿಸಿ ಒಡಲನ್ನು ಸೇರುತ್ತದೆ. ಈ ಬೆಳಕಿನಲ್ಲಿ 500 ಷೇರುಗಳ ಬೇಡಿಕೆ ಹುಚ್ಚುತನವಾಗಿ ಕಾಣುವುದಿಲ್ಲ. ಬ್ರಿಜಸರು ನಿಧಿಯ ರೂಪದಲ್ಲಿ ಕೇಳಿದ್ದನ್ನೇ ಚಾಕಣದ ಕಾರ್ಮಿಕರು ಷೇರಿನ ರೂಪದಲ್ಲಿ ಕೇಳಿದರು.

ಪ್ರಶ್ನೆ ಮುಗಿದಿಲ್ಲವೆಂಬುದಕ್ಕೆ 2024ನೆಯ ವರ್ಷವೇ ಸಾಕ್ಷಿ. ಆ ವರ್ಷದ ಆಗಸ್ಟ್ 28ರಿಂದ ಭಾರತದ ಪ್ರಮುಖ ಬಂದರುಗಳಲ್ಲಿ ನಡೆಯಬೇಕಾಗಿದ್ದ ಮುಷ್ಕರ, 27ರಂದು ಶೇಕಡಾ 8.5ರ ವೇತನ ಪರಿಷ್ಕರಣದ ಒಪ್ಪಂದದಿಂದ ನಿಂತಿತು. ಅಕ್ಟೋಬರ್ ಮೊದಲಲ್ಲಿ ಅಮೆರಿಕದ ಪೂರ್ವ ತೀರದ ಕಾರ್ಮಿಕರು ಮೂರು ದಿನಗಳ ಮುಷ್ಕರದಿಂದ ಆರು ವರ್ಷಗಳಲ್ಲಿ ಸುಮಾರು ಶೇಕಡಾ 62ರಷ್ಟು ಏರಿಕೆಯನ್ನು ಪಡೆದರೂ, ಸ್ವಯಂಚಾಲಿತ ಯಂತ್ರಗಳ ವಿಷಯ ಇತ್ಯರ್ಥವಾಗಲು ಮುಂದಿನ ಜನವರಿಯವರೆಗೆ ಕಾಯಬೇಕಾಯಿತು. ಕೂಲಿಯ ಮಾತು ಮೂರು ದಿನಗಳಲ್ಲಿ ಮುಗಿದೀತು. ಯಂತ್ರದ ಮಾತು ಅಷ್ಟು ಬೇಗ ಮುಗಿಯದು.

ಚಾಕಣದ ಕೋಟೆಯ ಗೋಡೆಗಳು ಇಂದು ಬಹುಮಟ್ಟಿಗೆ ಕುಸಿದಿವೆ. ಫಿರಂಗೋಜಿಯು ಸೋತವನಾದರೂ ಅವನ ಹೆಸರು ಉಳಿದಿದೆ. ಗೋದಿಯ ಬಾಗಿಲಲ್ಲಿ ಸರದಿಯ ಪಟ್ಟಿಗಾಗಿ ಹೋರಾಡಿದವರ ಹೆಸರುಗಳನ್ನು ಬರೆದಿಟ್ಟವರು ವಿರಳ. ಆ ಕೆಲಸವನ್ನು ಕೈಗೊಳ್ಳುವವರಿಗೆ, ಮುಂಬಯಿ ಪುಣೆಗಳ ಕನ್ನಡಿಗರ ಚರಿತ್ರೆಯ ಇನ್ನೂ ಬರೆಯದ ಒಂದು ಅಧ್ಯಾಯ ಅಲ್ಲಿಯೇ ದೊರೆಯುವುದು.