ಡೀಪ್ ಬ್ಲೂನಿಂದ ಸ್ಟಾಕ್‌ಫಿಶ್‌ವರೆಗೆ: ವೇಗವೋ, ವಿವೇಕವೋ?

ಭಾರತದಲ್ಲಿ ಹುಟ್ಟಿದ ಚತುರಂಗವು ಪರ್ಷಿಯಾದ ಮೂಲಕ ಅರಬರನ್ನು ತಲುಪಿ 'ಶತ್ರಂಜ್' ಎನಿಸಿಕೊಂಡಿತು. ಅಬ್ಬಾಸೀ ಖಲೀಫರ ಕಾಲದಲ್ಲಿ ಅಲ್-ಅದ್ಲಿ, ಅಸ್-ಸೂಲಿ ಮುಂತಾದ ಪಂಡಿತರು ಈ ಆಟದ ಬಗ್ಗೆ ಗ್ರಂಥಗಳನ್ನೇ ರಚಿಸಿದರು. ಇದನ್ನು ಆಡುವ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಈ ಲೇಖನದ ವಿಷಯವಲ್ಲ. ಯಂತ್ರಕ್ಕೆ ಯೋಚಿಸಲು ಕಲಿಸಹೊರಟ ಇಪ್ಪತ್ತನೇ ಶತಮಾನದ ವಿಜ್ಞಾನಿಗಳಿಗೆ ಚದುರಂಗವೇ ಪ್ರಯೋಗಶಾಲೆಯಾಯಿತು. ಆ ಪ್ರಯೋಗದ ಇತಿಹಾಸದಲ್ಲಿ ವಿದ್ಯಾರ್ಥಿಗಳು ತಿಳಿಯಬೇಕಾದ ಒಂದು ಪಾಠವಿದೆ.

1985ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿ ಫೆಂಗ್-ಶ್ಯುಂಗ್ ಶೂ, ಚದುರಂಗದ ನಡೆಗಳನ್ನು ಲೆಕ್ಕ ಹಾಕುವ ಚಿಪ್ ಒಂದರ ಕೆಲಸ ಆರಂಭಿಸಿದರು. ಮುಂದೆ ಅವರೂ ಸಹಪಾಠಿ ಮರ್ರೆ ಕ್ಯಾಂಪ್‌ಬೆಲ್ಲರೂ ಐಬಿಎಂ ಸಂಸ್ಥೆಯನ್ನು ಸೇರಿದರು. ಅಲ್ಲಿ ರೂಪುಗೊಂಡ ಸೂಪರ್ ಕಂಪ್ಯೂಟರೇ 'ಡೀಪ್ ಬ್ಲೂ'. 1996ರಲ್ಲಿ ಫಿಲಡೆಲ್ಫಿಯಾದಲ್ಲಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಇದನ್ನು 4-2ರಿಂದ ಸೋಲಿಸಿದರು. ಆದರೆ 1997ರ ಮೇ 11ರಂದು ನ್ಯೂಯಾರ್ಕಿನಲ್ಲಿ ಫಲಿತಾಂಶ ತಿರುಗಿತು: ಡೀಪ್ ಬ್ಲೂ 3½, ಕಾಸ್ಪರೋವ್ 2½.

ಈ ಯಂತ್ರದ ತೂಕ ಸುಮಾರು 1.4 ಟನ್. ಚದುರಂಗಕ್ಕೆಂದೇ ತಯಾರಿಸಿದ 480 ಚಿಪ್‌ಗಳು ಅದರಲ್ಲಿದ್ದವು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಅದು ಪರಿಶೀಲಿಸಬಲ್ಲದಾಗಿತ್ತು. ಯಾವ ಸ್ಥಿತಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಮೌಲ್ಯಮಾಪನದ ನಿಯಮಗಳನ್ನು ಮಾತ್ರ ಮನುಷ್ಯರೇ ಬರೆದುಕೊಡಬೇಕಿತ್ತು. ಕಾಸ್ಪರೋವ್ ಮರುಪಂದ್ಯ ಕೇಳಿದರೂ ಐಬಿಎಂ ಒಪ್ಪಲಿಲ್ಲ. ಯಂತ್ರಕ್ಕೆ ನಿವೃತ್ತಿಯಾಯಿತು, ಅದರ ಎರಡು ಕಪಾಟುಗಳು ಅಮೆರಿಕದ ಎರಡು ವಸ್ತುಸಂಗ್ರಹಾಲಯಗಳಲ್ಲಿವೆ. ಹೀಗಾಗಿ ಇಂದಿನ ತಂತ್ರಾಂಶಗಳನ್ನು ಅದರೊಂದಿಗೆ ಆಡಿಸಿ ನೋಡುವಂತಿಲ್ಲ. ಆದರೂ ಅಂಕಿಅಂಶಗಳಿಂದ ಹೋಲಿಕೆ ಸಾಧ್ಯ.

2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ 'ಡೀಪ್ ಫ್ರಿಟ್ಜ್' ಎಂಬ ತಂತ್ರಾಂಶವು ಅಂದಿನ ವಿಶ್ವ ಚಾಂಪಿಯನ್ ವ್ಲಾಡಿಮಿರ್ ಕ್ರಾಮ್ನಿಕ್‌ರನ್ನು 4-2ರಿಂದ ಸೋಲಿಸಿತು. ಅದು ಓಡುತ್ತಿದ್ದುದು ಎರಡು ಪ್ರೊಸೆಸರ್‌ಗಳ ಕಂಪ್ಯೂಟರಿನಲ್ಲಿ. ಪರಿಶೀಲಿಸುತ್ತಿದ್ದುದು ಸೆಕೆಂಡಿಗೆ ಸುಮಾರು 80 ಲಕ್ಷ ಸ್ಥಿತಿಗಳನ್ನು, ಅಂದರೆ ಡೀಪ್ ಬ್ಲೂನ ಇಪ್ಪತ್ತೈದನೇ ಒಂದು ಭಾಗ. ನಿಷ್ಪ್ರಯೋಜಕ ನಡೆಗಳನ್ನು ಬೇಗನೆ ಕೈಬಿಟ್ಟು, ಮುಖ್ಯವಾದವುಗಳನ್ನು ಆಳವಾಗಿ ನೋಡುವ ವಿಧಾನವೇ ಅದರ ಬಲವಾಗಿತ್ತು.

2017ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ 'ಆಲ್ಫಾಝೀರೋ' ಇನ್ನೂ ಮುಂದೆ ಹೋಯಿತು. ಅದಕ್ಕೆ ಕೊಟ್ಟದ್ದು ಆಟದ ನಿಯಮಗಳು ಮಾತ್ರ. ತನ್ನೊಂದಿಗೆ ತಾನೇ ಆಡುತ್ತಾ ಅದು ಮೌಲ್ಯಮಾಪನವನ್ನು ಸ್ವತಃ ಕಲಿಯಿತು. ಸೆಕೆಂಡಿಗೆ 7 ಕೋಟಿ ಸ್ಥಿತಿಗಳನ್ನು ನೋಡುವ ಸ್ಟಾಕ್‌ಫಿಶ್ ವಿರುದ್ಧ, ಕೇವಲ 80 ಸಾವಿರ ನೋಡುವ ಆಲ್ಫಾಝೀರೋ 100 ಆಟಗಳಲ್ಲಿ 28 ಗೆದ್ದು 72 ಡ್ರಾ ಮಾಡಿಕೊಂಡಿತು. ಆ ಪಂದ್ಯದ ಷರತ್ತುಗಳು ಸ್ಟಾಕ್‌ಫಿಶ್‌ಗೆ ಅನುಕೂಲವಾಗಿರಲಿಲ್ಲ ಎಂಬ ಆಕ್ಷೇಪವೂ ಬಂತು. ಆಲ್ಫಾಝೀರೋ ಕಲಿಯುವಾಗ ಸಾವಿರಾರು ವಿಶೇಷ ಪ್ರೊಸೆಸರ್‌ಗಳು ದುಡಿದಿದ್ದವು ಎಂಬುದನ್ನೂ ಮರೆಯಬಾರದು. ಅಂದರೆ ಶ್ರಮ ಕಡಿಮೆಯಾಗಲಿಲ್ಲ. ಆಡುವ ಹೊತ್ತಿನ ಶ್ರಮವು ಕಲಿಯುವ ಹೊತ್ತಿಗೆ ಸರಿಯಿತು.

2020ರಲ್ಲಿ ಸ್ಟಾಕ್‌ಫಿಶ್ ಕೂಡ ಕಲಿಕೆಯಿಂದ ರೂಪುಗೊಂಡ ಮೌಲ್ಯಮಾಪನವನ್ನು ತನ್ನದಾಗಿಸಿಕೊಂಡಿತು. ಹಲವು ದೇಶಗಳ ಸ್ವಯಂಸೇವಕರು ಸೇರಿ ಬೆಳೆಸುತ್ತಿರುವ ಈ ತಂತ್ರಾಂಶ ಉಚಿತ. ಅದರ ಮೂಲ ಸಂಕೇತವೂ ಎಲ್ಲರಿಗೂ ಮುಕ್ತ. ಒಂದು ಕಾಲಕ್ಕೆ ಬಹುರಾಷ್ಟ್ರೀಯ ಕಂಪೆನಿಗೆ ಮಾತ್ರ ಸಾಧ್ಯವಿದ್ದುದು ಇಂದು ಬಡ ಕುಟುಂಬದ ಮಗುವಿನ ಕೈಯಲ್ಲಿರುವ ಮೊಬೈಲಿನಲ್ಲೂ ಲಭ್ಯ. ಇಲ್ಮ್ ಹಂಚಿದಷ್ಟೂ ಬೆಳೆಯುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ಆದರೆ ಎಚ್ಚರಿಕೆಯೂ ಬೇಕು. ಉತ್ತರ ತೋರಿಸುವ ಯಂತ್ರ ಜೇಬಿನಲ್ಲಿದ್ದ ಮಾತ್ರಕ್ಕೆ ನಾವು ಕಲಿತಂತಾಗುವುದಿಲ್ಲ. ಅಧಿಕೃತ ಪಂದ್ಯಾವಳಿಗಳಲ್ಲಿ ಆಟಗಾರರು ಮೊಬೈಲ್ ಬಳಸುವಂತಿಲ್ಲ. ಅಲ್ಲಿ ನೆರವಿಗೆ ಬರುವುದು ಸ್ವಂತ ಬುದ್ಧಿ ಮಾತ್ರ. ಜೀವನದ ಪರೀಕ್ಷೆಗಳೂ ಹಾಗೆಯೇ. ನೂರು ಗೈಡುಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಿಂತ, ಯಾವುದು ಮುಖ್ಯವೆಂದು ಗುರುತಿಸಿ ಅದನ್ನು ಆಳವಾಗಿ ಅರಿಯುವವನು ಮುಂದೆ ಹೋಗುತ್ತಾನೆ. ಮೊದಲು ಸ್ವತಃ ಯೋಚಿಸಿ, ಆಮೇಲೆ ಯಂತ್ರವನ್ನು ಕೇಳಿ ತಪ್ಪು ತಿದ್ದಿಕೊಳ್ಳುವ ಅಭ್ಯಾಸವನ್ನು ನಮ್ಮ ಮಕ್ಕಳು ಬೆಳೆಸಿಕೊಂಡರೆ, ಈ ಉಚಿತ ಸಂಪತ್ತು ನಿಜವಾಗಿ ಅವರದಾಗುತ್ತದೆ.