ಅಟ್ಟ ತುಂಬಿಸಿದ ಬೇಸಿಗೆ ತೋಟ

ದಕ್ಷಿಣ ಕನ್ನಡ, ಉಡುಪಿ ಸೀಮೆಯಲ್ಲಿ ಸುಗ್ಗಿ ಬೆಳೆ ಕೊಯ್ದ ಗದ್ದೆಯಲ್ಲೂ ಮನೆಯ ಹಿತ್ತಲಲ್ಲೂ ತರಕಾರಿ ಸಾಲು ಮಾಡುವುದು ಹಳೆಯ ರೂಢಿ. ಏಪ್ರಿಲ್ ಮೇ ತಿಂಗಳ ಉರಿಬಿಸಿಲಿನಲ್ಲಿ ಕೆರೆ, ಮದಕಗಳ ತಳ ಸೇರಿದ ನೀರನ್ನು ಕೊಡದಲ್ಲಿ ಹೊತ್ತೋ ಏತದಲ್ಲಿ ಎತ್ತಿಯೋ ಸಾಂಬಾರು ಸೌತೆ, ಬೂದುಕುಂಬಳ, ಚೀನಿಕಾಯಿ (ಸಿಹಿಗುಂಬಳ) ಬಳ್ಳಿಗಳ ಬುಡಕ್ಕೆ ಹಾಕುತ್ತಿದ್ದರು. ಗದ್ದೆ ಖಾಲಿ ಬಿದ್ದಾಗಿನ ಪುಟ್ಟ ಉಪಕಸುಬು ಇದೆಂದು ತಿಳಿಯುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ದುಡಿಮೆ ಬೇಸಿಗೆಯದಾದರೂ ತೋಟದ ಗುರಿ ಮಳೆಗಾಲವಾಗಿತ್ತು. ಏನನ್ನು ಬೆಳೆಯಬೇಕೆಂಬುದನ್ನು ತೀರ್ಮಾನಿಸಿದ್ದು ರುಚಿಗಿಂತ ಹೆಚ್ಚಾಗಿ ಅಟ್ಟದಲ್ಲಿ ಎಷ್ಟು ದಿನ ಕೆಡದೆ ಉಳಿದೀತು ಎಂಬ ಲೆಕ್ಕ.

ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಮೇ 24ರ ಸುಮಾರಿಗೆ ಬರುವ, ಮಳೆಗಾಲದ ಹೊಸ್ತಿಲಾದ ಪತ್ತನಾಜೆಯ ದಿನಕ್ಕೆ ದೈವಗಳ ಕೋಲ, ದೇವಸ್ಥಾನಗಳ ಆಯನ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲವೂ ನಿಲ್ಲುತ್ತವೆ. ಆ ಹೊತ್ತಿಗೆ ಹೀರೆ, ಹಾಗಲ, ಬೆಂಡೆ, ಮುಳ್ಳುಸೌತೆಯ ಬೀಜ ಮಣ್ಣಿಗೆ ಬಿದ್ದರೂ ಕಾಯಿ ಕೈಗೆ ಸಿಗುವುದು ಆಟಿ ತಿಂಗಳ (ಜುಲೈ–ಆಗಸ್ಟ್) ಆಸುಪಾಸಿನಲ್ಲಿ. ನಡುವಿನ ಕೊರತೆ ತುಂಬುತ್ತಿದ್ದುದು ಬೇಸಿಗೆಯ ಕಾಯಿಗಳೇ. ಚೆನ್ನಾಗಿ ಬಲಿಯುವವರೆಗೆ ಬಳ್ಳಿಯಲ್ಲೇ ಬಿಟ್ಟು ಕೊಯ್ದ ಸೌತೆಯನ್ನು ಬಾಳೆನಾರಿನಲ್ಲೋ ತೆಂಗಿನ ಗರಿಯಲ್ಲೋ ಕಟ್ಟಿ, ಒಂದಕ್ಕೊಂದು ತಾಗದಂತೆ ಮಾಡಿನ ಅಡ್ಡಕ್ಕೆ ತೂಗಹಾಕುತ್ತಿದ್ದರು. ಸುತ್ತ ಗಾಳಿಯಾಡುತ್ತದೆ, ಒಂದು ಕೊಳೆತರೂ ಪಕ್ಕದ್ದಕ್ಕೆ ಹರಡುವುದಿಲ್ಲ. ಬೂದುಕುಂಬಳಕ್ಕೆ ಮೈಮೇಲಿನ ಮೇಣದ ಬೂದಿಯೇ ರಕ್ಷೆ. ಚೀನಿಕಾಯಿಯಂತೂ ಅಮೆರಿಕ ಖಂಡದ ಮೂಲದ್ದು, ಪೋರ್ಚುಗೀಸರು ಸಮುದ್ರದಾರಿ ತೆರೆದ ಮೇಲೆ ಬಂದದ್ದು. ಅಷ್ಟು ಹೊಸ ಕಾಯಿ ಹಳೆಯ ಅಟ್ಟದಲ್ಲಿ ಇಷ್ಟು ಸಲೀಸಾಗಿ ಜಾಗ ಪಡೆದದ್ದು ತಿಂಗಳುಗಟ್ಟಲೆ ಬಾಳಿಕೆ ಬರುವ ಗುಣದಿಂದ. ಅದೇ ಖಂಡದಿಂದ ಬಂದ ಟೊಮೆಟೊಗೆ ಆ ಗುಣವಿರಲಿಲ್ಲ, ಅಟ್ಟದಲ್ಲಿ ಜಾಗವೂ ಸಿಗಲಿಲ್ಲ.

ತೋಟದ ಗುರಿ ಮಳೆಗಾಲ ಎಂಬ ಈ ವಾದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಕರಾವಳಿ ಎಂದೂ ಒಂಟಿಯಾಗಿರಲಿಲ್ಲ. ಬಾರಕೂರು, ಬಸರೂರು, ಮಂಗಳೂರು ಹೆಸರಾಂತ ಬಂದರುಗಳು, ಬಸರೂರಿನ ಅಕ್ಕಿ ಗೋವೆಗೆ ಹೋಗುತ್ತಿತ್ತು. ವ್ಯಾಪಾರ ಬಲ್ಲ ನಾಡು ತರಕಾರಿಯನ್ನು ಕೊಂಡು ತಿನ್ನಬಹುದಿತ್ತಲ್ಲವೇ? ಆದರೆ ಆ ವ್ಯಾಪಾರಕ್ಕೂ ಋತುವಿತ್ತು. ಮಳೆಗಾಲದಲ್ಲಿ ಹಾಯಿಹಡಗುಗಳು ಕಡಲಿಗಿಳಿಯುತ್ತಿರಲಿಲ್ಲ, ಸೇತುವೆಯಿಲ್ಲದ ಹೊಳೆಗಳು ಊರೂರನ್ನು ಬೇರ್ಪಡಿಸುತ್ತಿದ್ದವು, ಘಾಟಿಯಲ್ಲಿ ಎತ್ತಿನ ಹೇರು ಹತ್ತಿಳಿಯುವುದು ದುಸ್ತರ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ; ಹಾಸನದ ಘಾಟಿ ಮಾರ್ಗ ತೆರೆದದ್ದು 1979ರಲ್ಲಿ. ತರಕಾರಿ ತೀರಾ ಬೇಕಾಗುವ ತಿಂಗಳುಗಳಲ್ಲೇ ಪೇಟೆ ಕೈಕೊಡುತ್ತಿತ್ತು.

ಇನ್ನೊಂದು ಆಕ್ಷೇಪವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಈ ತೋಟವನ್ನು ಸ್ವಾವಲಂಬನೆಯ ಸುವರ್ಣಯುಗ ಎಂದು ಹಾಡಿ ಹೊಗಳುವುದು ತಪ್ಪು. ಬಾವಿಯ ನೀರು ಮುಟ್ಟಲು ಬಿಡದ ಜಾತಿಗಳಿಗೆ ಹಿತ್ತಲ ಬಳ್ಳಿಗೆ ನೀರೆಲ್ಲಿಂದ ಬರಬೇಕು? ಒಕ್ಕಲುಗಳು ಬೆಳೆದದ್ದರಲ್ಲಿ ಧಣಿಯ ಮನೆಗೆ ಹಬ್ಬಕ್ಕೆ ಬುಳೆಕಾಣಿಕೆ ಎಂಬ ಬೆಳೆಯ ಕಾಣಿಕೆಯೂ ಸಲ್ಲಬೇಕಿತ್ತು. ಆದರೆ ಇದೇ ಕಾರಣಕ್ಕೆ ಬಡವರಿಗೆ ಸೌತೆ ಸಾಲು ದೊಡ್ಡ ಆಸರೆ ಎಂದೂ ಹೇಳಬಹುದು. ಯಾವಾಗ ಎಬ್ಬಿಸಿಯಾರೋ ಎಂಬ ಭಯದಲ್ಲಿದ್ದ ಚಾಲಗೇಣಿ ಒಕ್ಕಲಿಗೆ ತೆಂಗು, ಅಡಿಕೆ ನೆಟ್ಟು ವರ್ಷಗಟ್ಟಲೆ ಕಾಯುವ ಧೈರ್ಯ ಎಲ್ಲಿಂದ ಬರಬೇಕು? ಮೂರು ತಿಂಗಳಲ್ಲಿ ಕೈಗೆ ಬರುವ ಬಳ್ಳಿಗೆ ಆ ಭಯವಿಲ್ಲ.

ಕಂದಾಯದ ಕಡತಗಳು ಭತ್ತ, ತೆಂಗು, ಅಡಿಕೆಯ ಸುತ್ತಲೇ ಸುತ್ತಿದವು. ಕೃಷಿಚರಿತ್ರೆಯೂ ಅವನ್ನೇ ಹಿಂಬಾಲಿಸಿತು. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ ಮುಂದಿನ ವರ್ಷಕ್ಕೆ ಕಾದಿಟ್ಟವರು, ಕೊಡ ಹೊತ್ತವರು ಹೆಚ್ಚಾಗಿ ಹೆಂಗಸರು. ಅವರ ತಿಳಿವಳಿಕೆ ಯಾವ ಲೆಕ್ಕಕ್ಕೂ ಸೇರಲಿಲ್ಲ. ಅಂಥ ಅಜ್ಜಿಯರು ಕರಾವಳಿಯ ಮನೆಗಳಲ್ಲಿ ಇನ್ನೂ ಇದ್ದಾರೆ. ಯಾವ ಸೌತೆ ಎಷ್ಟು ತಿಂಗಳು ಉಳಿಯುತ್ತಿತ್ತು, ಬೀಜ ಯಾವ ಮನೆಯಿಂದ ಬಂದಿತ್ತು ಎಂದು ಅವರನ್ನು ಈಗಲೇ ಕೇಳಿ ಬರೆದಿಡಿ.