ಕಟ್ಟೆಯಲ್ಲಿ ನಿಂತ ಹೇರು

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸುಂಕದ ಕಟ್ಟೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಹಳೆಯ ಶಾಸನಗಳಲ್ಲಿ ಹೆಜ್ಜುಂಕದ ಮಾತು ಪದೇ ಪದೇ ಬರುತ್ತದೆ. ೧೨ನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನವರೇ ಇದ್ದರು. ಪುಣೆಗೆ ಬಂದು ನೆಲೆಸಿದ ನಮಗೆ ಜಕಾತಿ ನಾಕೆಯ ಪರಿಚಯವೂ ಸಾಕಷ್ಟು ಆಗಿತ್ತು. ೨೦೧೩ರಲ್ಲಿ ಇಲ್ಲಿನ ಮಹಾನಗರಪಾಲಿಕೆಯ ಜಕಾತಿ ನಿಲ್ಲುವವರೆಗೂ ಊರಂಚಿನಲ್ಲಿ ಲಾರಿಗಳು ಸಾಲುಗಟ್ಟುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಸೈಕಲ್ಲಿನವನು ಪಕ್ಕದಿಂದ ಸಲೀಸಾಗಿ ದಾಟುತ್ತಿದ್ದ. ಹೇರು ತುಂಬಿದ ಲಾರಿ ಮಾತ್ರ ನಿಲ್ಲುತ್ತಿತ್ತು.

ಜಕಾತಿ ಹೋಯಿತು, ನಾಕೆ ಹೋಗಲಿಲ್ಲ. ಅದು ಈಗ ಕಂಪ್ಯೂಟರುಗಳ ದಾರಿಯಲ್ಲಿ ಕುಳಿತಿದೆ. ಅದರ ಹೆಸರು ಫೈರ್‌ವಾಲ್. ಅಲ್ಲಿ ಕುಳಿತು ಒಳಗಿನವರ ಪರವಾಗಿ ಹೊರಗಿನವರೊಡನೆ ವ್ಯವಹರಿಸುವ ಮಧ್ಯಸ್ಥನ ಹೆಸರು ಪ್ರಾಕ್ಸಿ. ಚಿಕ್ಕ ಪತ್ರ ಥಟ್ಟನೆ ದಾಟುತ್ತದೆ, ದೊಡ್ಡ ಕಡತ ಅರ್ಧದಲ್ಲಿ ಕಲ್ಲಿನಂತೆ ನಿಂತುಬಿಡುತ್ತದೆ. ‘ಆಗದು’ ಎಂದೂ ಯಾರೂ ಹೇಳುವುದಿಲ್ಲ. ಹಿಂಜವಡಿಯ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳು ನಡುರಾತ್ರಿಯವರೆಗೆ ಎಚ್ಚರವಿರುವುದಕ್ಕೆ ಇಂಥ ನಿಲುಗಡೆಯೂ ಒಂದು ಕಾರಣ. ಈ ವ್ಯಾಧಿಗೆ ಒಂದು ಚರಿತ್ರೆಯುಂಟು.

ನಮ್ಮ ದೇಶದಲ್ಲಿ ಕಂಪ್ಯೂಟರುಗಳನ್ನು ದೂರದಿಂದ ದೂರಕ್ಕೆ ಜೋಡಿಸುವ ಕೆಲಸ ೧೯೮೬ರಲ್ಲಿ ‘ಎರ್ನೆಟ್’ ಯೋಜನೆಯಿಂದ ಆರಂಭವಾಯಿತು. ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ನಡೆಸಿದ ಈ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. ೧೯೮೮ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು. ೧೯೯೧ರಲ್ಲಿ ಅದು ‘ಪರಮ್ ೮೦೦೦’ ಎಂಬ ಮಹಾಗಣಕವನ್ನು ಕಟ್ಟಿತು. ತಂತ್ರಾಂಶವನ್ನು ರಫ್ತು ಮಾಡಲು ಸರಕಾರ ಮೊದಲು ಆರಿಸಿಕೊಂಡ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ಊರುಗಳಲ್ಲಿ ಬೆಂಗಳೂರು, ಭುವನೇಶ್ವರಗಳೊಂದಿಗೆ ಪುಣೆಯೂ ಇತ್ತು. ನಾರಾಯಣಗಾಂವಿನ ಬಳಿಯ ಖೋಡದದಲ್ಲಿ ೪೫ ಮೀಟರ್ ವ್ಯಾಸದ ೩೦ ಬೋಗುಣಿಗಳ ರೇಡಿಯೋ ದೂರದರ್ಶಕ ಎದ್ದು ನಿಂತಿತು. ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಸಾಮಾನ್ಯರಿಗೂ ಇಂಟರ್‌ನೆಟ್ ತೆರೆದಿಟ್ಟಿತು. ಹೀಗೆ ಮಾಹಿತಿಯನ್ನು ಹೇರುಗಟ್ಟಲೆ ಸಾಗಿಸುವುದೇ ಈ ಊರಿನ ಕಸುಬುಗಳಲ್ಲೊಂದಾಯಿತು.

ಮೊದಮೊದಲು ದಾರಿಯಲ್ಲಿ ಗೋಡೆಗಳೇ ಇರಲಿಲ್ಲ. ಆದರೂ ದಟ್ಟಣೆ ಇತ್ತು. ೧೯೮೬ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಕೇವಲ ೪೦೦ ಗಜ ದೂರವಿದ್ದ ಎರಡು ತಾಣಗಳ ನಡುವೆ, ಸೆಕೆಂಡಿಗೆ ೩೨,೦೦೦ ಬಿಟ್‌ಗಳಷ್ಟಿದ್ದ ಸಾಗಾಟ ಒಮ್ಮೆಲೇ ೪೦ ಬಿಟ್‌ಗಳಿಗೆ ಕುಸಿಯಿತು. ಎಲ್ಲರೂ ಕಳೆದುಹೋದ ಪೊಟ್ಟಣಗಳನ್ನು ಮತ್ತೆ ಮತ್ತೆ ತಳ್ಳುತ್ತಿದ್ದುದರಿಂದ ದಾರಿಯೇ ಕಟ್ಟಿತ್ತು. ವಾನ್ ಜೇಕಬ್ಸನ್ ಎಂಬ ವಿಜ್ಞಾನಿ ಇದನ್ನು ಅಭ್ಯಸಿಸಿ, ಮೆಲ್ಲಗೆ ಆರಂಭಿಸು, ಪೊಟ್ಟಣ ಕಳೆದರೆ ವೇಗ ತಗ್ಗಿಸು ಎಂಬ ಶಿಸ್ತನ್ನು ೧೯೮೮ರಲ್ಲಿ ಪ್ರಕಟಿಸಿದರು.

ಅದೇ ವರ್ಷದ ನವೆಂಬರ್ ೨ರಂದು ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ ‘ಹುಳು’ ಸಾವಿರಾರು ಯಂತ್ರಗಳನ್ನು ಹಿಡಿಯಿತು. ನೆರೆಹೊರೆಯನ್ನು ನಂಬಿ ಬಾಗಿಲು ತೆರೆದಿಟ್ಟಿದ್ದವರು ಬೆಚ್ಚಿಬಿದ್ದರು. ಮುಂದಿನ ವರ್ಷಗಳಲ್ಲಿ ಎಲ್ಲೆಡೆ ಗೋಡೆಗಳೆದ್ದವು. ಬೆಲ್ ಪ್ರಯೋಗಾಲಯದ ಬಿಲ್ ಚೆಸ್ವಿಕ್ ತಮ್ಮ ಸಂಸ್ಥೆಯ ಕಾವಲು ದ್ವಾರದ ರಚನೆಯನ್ನು ೧೯೯೦ರಲ್ಲಿ ವಿವರಿಸಿದರು. ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆ ಅಂಥದನ್ನು ಮಾರಾಟಕ್ಕೇ ಇಟ್ಟಿತು. ಗೋಡೆ ಬೇಕಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಗೋಡೆ ಕಟ್ಟಿದವರ ಗಮನವೆಲ್ಲ ಕಳ್ಳರ ಮೇಲಿತ್ತು, ಹೇರಿನ ಮೇಲಿರಲಿಲ್ಲ.

ಇಲ್ಲಿಂದ ಮುಂದೆ ನಿಲುಗಡೆಯ ಮೂರು ಕಾರಣಗಳನ್ನು ನೋಡೋಣ.

ಮೊದಲನೆಯದು ಗಾತ್ರ. ಕಡತವನ್ನು ಕಂಪ್ಯೂಟರು ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳಿಸುತ್ತದೆ. ಸಾಮಾನ್ಯವಾಗಿ ಒಂದು ಪೊಟ್ಟಣ ೧,೫೦೦ ಬೈಟ್‌ಗಳವರೆಗೆ ಇರಬಹುದು. ದಾರಿಯಲ್ಲೊಂದು ಇಕ್ಕಟ್ಟಾದ ಸೇತುವೆ ಬಂದು ಅಲ್ಲಿ ೧,೪೯೨ ಮಾತ್ರ ಹಿಡಿಸಿದರೆ, ಸೇತುವೆಯವನು ‘ಗಾತ್ರ ಹೆಚ್ಚಾಯಿತು, ಚಿಕ್ಕದು ಮಾಡಿ ಕಳಿಸಿ’ ಎಂದು ಹಿಂದಕ್ಕೆ ಚೀಟಿ ಕಳಿಸಬೇಕು. ೧೯೯೦ರ ನವೆಂಬರಿನಲ್ಲಿ ಬರೆದ ನಿಯಮ ಇದು. ಆದರೆ ೧೯೯೬ರ ಸುಮಾರಿಗೆ ‘ಪಿಂಗ್ ಆಫ್ ಡೆತ್’ ಎಂಬ ಕಿಡಿಗೇಡಿತನ ಹಬ್ಬಿತು. ಯಂತ್ರಗಳನ್ನು ಕೆಡಿಸಲು ಬಳಕೆಯಾದ ಸಂದೇಶವೂ ಈ ಚೀಟಿಯೂ ಒಂದೇ ಜಾತಿಯವು. ಅನೇಕ ಕಾವಲುಗಾರರು ಆ ಜಾತಿಯನ್ನೇ ಒಟ್ಟಾರೆ ತಡೆದುಬಿಟ್ಟರು. ಕಿಡಿಗೇಡಿಯೊಡನೆ ಅಂಚೆಯವನೂ ಹೊರಗುಳಿದ! ಕಳಿಸುವವನಿಗೆ ಚೀಟಿ ಮುಟ್ಟದು. ಅವನು ಅದೇ ದೊಡ್ಡ ಪೊಟ್ಟಣವನ್ನು ಮತ್ತೆ ಮತ್ತೆ ಕಳಿಸುತ್ತಾನೆ, ಅದು ಮತ್ತೆ ಮತ್ತೆ ಸೇತುವೆಯಲ್ಲಿ ಬಿದ್ದುಹೋಗುತ್ತದೆ. ಪತ್ರ ದಾಟಿ ಕಡತ ನಿಲ್ಲುವ ಗುಟ್ಟು ಇದೇ. ತಜ್ಞರು ಇದನ್ನು ‘ಕಪ್ಪು ಕುಳಿ’ ಎಂದು ಕರೆದರು. ೨೦೦೦ದಲ್ಲಿ ಇದರ ವಿವರವಾದ ದಾಖಲೆ ಹೊರಬಂದಿತು. ಆ ಚೀಟಿಯನ್ನು ನೆಚ್ಚದೆಯೇ ದಾರಿಯ ಗಾತ್ರವನ್ನು ಅಳೆಯುವ ಉಪಾಯ ೨೦೦೭ರಲ್ಲಿ ಬಂದಿತು.

ಎರಡನೆಯದು ಲೆಕ್ಕ. ‘ಮುಟ್ಟಿತು’ ಎಂಬ ರಸೀದಿ ಬರುವ ಮುನ್ನ ಎಷ್ಟು ಸರಕನ್ನು ದಾರಿಯಲ್ಲಿ ಬಿಡಬಹುದೆಂಬುದಕ್ಕೆ ಹಳೆಯ ಮಿತಿ ೬೫,೫೩೫ ಬೈಟ್‌ಗಳು. ಪುಣೆಯಿಂದ ಅಮೆರಿಕಕ್ಕೆ ಹೋಗಿ ರಸೀದಿ ಮರಳಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ ಎನ್ನಿ. ಆಗ ದಾರಿ ಎಷ್ಟೇ ಅಗಲವಿರಲಿ, ಒಂದು ಸಾಗಾಟ ಸೆಕೆಂಡಿಗೆ ಸುಮಾರು ೨೧ ಲಕ್ಷ ಬಿಟ್‌ಗಳನ್ನು ಮೀರದು. ೧೦ ಗಿಗಾಬೈಟ್ ಕಡತ ತಲುಪಲು ಹತ್ತಿರ ಹತ್ತಿರ ಹತ್ತೂವರೆ ಗಂಟೆ ಬೇಕು. ಇದಕ್ಕಾಗಿ ೧೯೯೨ರಲ್ಲಿ ಎರಡೂ ತುದಿಗಳು ಮೊದಲೇ ಒಂದು ಗುಣಕವನ್ನು ಒಪ್ಪಿಕೊಳ್ಳುವ ಏರ್ಪಾಡು ಬಂದಿತು. ಆದರೆ ಹಳೆಯ ಕಾವಲು ಯಂತ್ರಗಳಿಗೆ ಆ ಹೊಸ ಲಿಪಿ ತಿಳಿಯದು. ಕೆಲವು ಆ ಗುಣಕವನ್ನು ಸದ್ದಿಲ್ಲದೆ ತಿದ್ದಿಬಿಟ್ಟವು. ಒಂದು ತುದಿ ‘ನೂರು ಮೂಟೆ ಬರಲಿ’ ಎಂದರೆ ಇನ್ನೊಂದಕ್ಕೆ ‘ಒಂದು ಮೂಟೆ’ ಎಂದು ಕೇಳಿಸಿದಂತಾಯಿತು. ೨೦೦೪ರಲ್ಲಿ ಲಿನಕ್ಸ್ ತಂತ್ರಾಂಶ ದೊಡ್ಡ ಗುಣಕವನ್ನು ಬಳಸತೊಡಗಿದಾಗ ಈ ದೋಷ ಅನೇಕ ಕಡೆ ಬಯಲಾಯಿತು. ದೋಷ ಹಳೆಯ ಯಂತ್ರದ್ದು, ಬೈಗುಳ ಹೊಸ ತಂತ್ರಾಂಶಕ್ಕೆ!

ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಇಂಥದೇ ನಡೆಯಿತು. ಅಲ್ಲಿನ ಫೈರ್‌ವಾಲಿನಲ್ಲಿ ಪೊಟ್ಟಣಗಳ ಕ್ರಮಸಂಖ್ಯೆಯನ್ನು ತಪಾಸಣೆ ಮಾಡುವ ಒಂದು ವ್ಯವಸ್ಥೆ ಈ ಗುಣಕವನ್ನು ನಿಷ್ಫಲಗೊಳಿಸುತ್ತಿತ್ತು. ಅದೊಂದನ್ನು ನಿಲ್ಲಿಸಿದಾಗ ಒಳಬರುವ ವೇಗ ಸುಮಾರು ೫ ಪಟ್ಟು, ಹೊರಹೋಗುವ ವೇಗ ಸುಮಾರು ೧೨ ಪಟ್ಟು ಏರಿತೆಂದು ೨೦೧೩ರ ಪ್ರಬಂಧವೊಂದು ಹೇಳುತ್ತದೆ. ಹೊಸ ತಂತಿ ಎಳೆಯಲಿಲ್ಲ, ಹೊಸ ಯಂತ್ರ ಕೊಳ್ಳಲಿಲ್ಲ. ಸಂಶೋಧನೆಯ ಭಾರೀ ಮಾಹಿತಿಗೆ ಅದಕ್ಕೆಂದೇ ಬೇರೆ ಬಾಗಿಲು, ಬೇರೆ ಕಾವಲು ಇರಲಿ ಎಂಬ ವಾದವನ್ನೂ ಆ ಪ್ರಬಂಧ ಮುಂದಿಟ್ಟಿತು.

ಮೂರನೆಯದು ಮಧ್ಯಸ್ಥನ ಅತಿ ಎಚ್ಚರ. ವೈರಸ್ ಹುಡುಕುವ ಪ್ರಾಕ್ಸಿ ಇಡೀ ಕಡತವನ್ನು ತನ್ನಲ್ಲಿ ಇಳಿಸಿಕೊಂಡು, ಬಿಚ್ಚಿ ನೋಡಿ, ಆಮೇಲೆ ಒಳಗೆ ಬಿಡುವುದುಂಟು. ಚಿಕ್ಕ ಕಡತಕ್ಕೆ ಇದು ಕ್ಷಣಮಾತ್ರದ ಕೆಲಸ. ದೊಡ್ಡದಕ್ಕೆ ನಿಮಿಷಗಟ್ಟಲೆ ಬೇಕು. ಅಷ್ಟು ಹೊತ್ತು ಒಳಗೆ ಕಾಯುವವನಿಗೆ ಒಂದಕ್ಷರವೂ ಬರದು. ಅವನ ಯಂತ್ರ ಬೇಸತ್ತು ಸಂಪರ್ಕ ಕಡಿದುಕೊಳ್ಳುತ್ತದೆ. ಸರಕು ಕಟ್ಟೆಯಲ್ಲಿ ಬಂದು ಬಿದ್ದಿದ್ದರೂ ಕೊಳ್ಳುವವನಿಲ್ಲ.

ಹಾಗಾದರೆ ಚಿಕಿತ್ಸೆ ಹೇಗೆ? ಊಹೆಯಿಂದ ಗುಂಡಿ ಒತ್ತುವುದು ಚಿಕಿತ್ಸೆಯಲ್ಲ. ಮೊದಲು ಚಿಕ್ಕದನ್ನೂ ದೊಡ್ಡದನ್ನೂ ಕಳಿಸಿ, ಯಾವ ಗಾತ್ರದಲ್ಲಿ ನಿಲ್ಲುತ್ತದೆಂದು ಗುರುತಿಸಬೇಕು. ಪೊಟ್ಟಣದ ಗಾತ್ರವನ್ನು ೧,೪೦೦ಕ್ಕೆ ಇಳಿಸಿದಾಗ ಹರಿದರೆ ರೋಗ ಮೊದಲನೆಯದು. ನಿಲ್ಲದೆ ಒಂದೇ ಮಂದಗತಿಯಲ್ಲಿ ತೆವಳುತ್ತಿದ್ದರೆ, ಅಥವಾ ಆರಂಭದಲ್ಲೇ ಮೂಟೆಗಳು ಅತಿ ಚಿಕ್ಕದಾದರೆ, ಎರಡನೆಯದನ್ನು ಶಂಕಿಸಬೇಕು. ಪ್ರತಿಸಲವೂ ಕರಾರುವಾಕ್ಕಾಗಿ ೬೦ನೆಯ ಸೆಕೆಂಡಿಗೋ ೩೦೦ನೆಯ ಸೆಕೆಂಡಿಗೋ ಕಡಿದರೆ, ಯಾರದೋ ಗಡಿಯಾರ ತೀರ್ಪು ಕೊಡುತ್ತಿದೆ ಎಂದರ್ಥ. ಎಲ್ಲಕ್ಕಿಂತ ಮುಖ್ಯವಾಗಿ, ಗೋಡೆಯ ಎರಡೂ ಬದಿಗಳಲ್ಲಿ ನಿಂತು ಏನು ಹೊಕ್ಕಿತು, ಏನು ಹೊರಟಿತು ಎಂದು ತಾಳೆ ನೋಡಬೇಕು. ಇದಕ್ಕೆ ಇಂದಿಗೂ ಬಳಕೆಯಲ್ಲಿರುವ ‘ಟಿಸಿಪಿಡಂಪ್’ ಎಂಬ ಸಾಧನವನ್ನು ರೂಪಿಸಿದವರಲ್ಲಿ ಅದೇ ವಾನ್ ಜೇಕಬ್ಸನ್ ಒಬ್ಬರು.

ಈ ಚರಿತ್ರೆಯಿಂದ ತಿಳಿಯುವುದು ಇಷ್ಟೆ. ಕಾವಲುಗಾರ ತಡೆದದ್ದರಿಂದ ಆದ ಹಾನಿ ಕಡಿಮೆ. ತಡೆದೆನೆಂದು ಹೇಳದೆ ಇದ್ದುದರಿಂದ ಆದ ಹಾನಿ ಹೆಚ್ಚು. ‘ಇಲ್ಲ’ ಎಂಬ ಮಾತು ಕೇಳಿದವನು ಬೇರೆ ದಾರಿ ಹುಡುಕುತ್ತಾನೆ; ಮೌನವನ್ನು ಕೇಳಿದವನು ಕಾಯುತ್ತಾನೆ, ತನ್ನನ್ನೋ ದೂರದ ಗೆಳೆಯನನ್ನೋ ಸುಮ್ಮನೆ ಶಂಕಿಸುತ್ತಾನೆ. ಕಚೇರಿಯಲ್ಲಿ ‘ನಿಮ್ಮ ಹುಡುಗನ ಕೆಲಸ ನಿಧಾನ’ ಎಂಬ ಮಾತು ಹೀಗೂ ಹುಟ್ಟಬಹುದು. ಗೋಡೆ ಇರಲಿ, ಕಾವಲೂ ಇರಲಿ. ಆದರೆ ಹೇರು ಹೊತ್ತು ಬಂದವನ ಸುಖದುಃಖದ ಚೀಟಿಯನ್ನಾದರೂ ಸುಂಕದವನು ಹಿಂದಕ್ಕೆ ಹೋಗಗೊಡಬೇಕು. ಮನೆಯಲ್ಲಿ ಮಗನೋ ಮಗಳೋ ಊಟ ಬಿಟ್ಟು ‘ಫೈಲು ಹೋಗುತ್ತಿಲ್ಲ’ ಎಂದು ಕಂಪ್ಯೂಟರಿನ ಮುಂದೆ ಕುಳಿತಿದ್ದರೆ, ‘ಚಿಕ್ಕದು ಹೋಗುತ್ತದೆಯೇ, ದೊಡ್ಡದು ಮಾತ್ರ ನಿಲ್ಲುತ್ತದೆಯೇ?’ ಎಂದು ಒಮ್ಮೆ ಕೇಳಿ ನೋಡಿ. ಅರ್ಧ ರೋಗ ಅಲ್ಲೇ ಪತ್ತೆಯಾದೀತು.